ಉಬ್ಬರದ ಗೆರೆ

ನೋವಿದೆಯಾ ಅಂತ ನಾನೀಗ ಕೇಳುವುದಿಲ್ಲ.

ಅಬೆಲಿನೊ ಮುದುಕನನ್ನು ಕೇಳಿದ್ದೆ, ಆರು ವರ್ಷದ ಹಿಂದೆ,
ಇದೇ ಬೆಂಚಿನ ಮೇಲೆ. ಇಲ್ಲ ಮಗಾ, ನೋವೇನಿಲ್ಲ, ಅಂದ,
ಅಂಗೈಯಿಂದ ಎದೆ ಉಜ್ಜಿಕೊಳ್ಳುತ್ತಲೇ.
ಹುಳಿತೇಗಿಗೆ ಮಾತ್ರೆ ಕೊಟ್ಟು ಕಳಿಸಿದೆ.
ಸಂಜೆ ಸಿಕ್ಕಿದ, ಆಲೂಗಡ್ಡೆ ಮಡಿಯ ಪಕ್ಕ,
ಗುದ್ದಲಿಗೆ ಆತು ಕೂತವನ ಹಾಗೆ.
ಸುಳ್ಳು ಹೇಳಿರಲಿಲ್ಲ ಆತ.
ನೋವು ಅವನಿಗೆ ಗೊತ್ತಿತ್ತು: ಗರಗಸ ತಾಗಿದ ಬೆರಳು,
ಕಿತ್ತ ಹಲ್ಲು. ಇದು ಅದಲ್ಲ.
ಇದಕ್ಕೆ ಬೇರೆ ಹೆಸರಿತ್ತು,
ಆ ಹೆಸರು ಹಿಡಿದು ನಾನು ಕರೆಯಲಿಲ್ಲ.

ಹಾಗಾಗಿ ಎಡೆಲ್ಮಿರಾ ಬಂದಾಗ,
ಜುಲೈ ತಿಂಗಳು, ಕಿಟಕಿಗೆ ಓರೆಯಾಗಿ ಬಡಿವ ಚಳಿಗಾಳಿ,
ಚಿಪ್ಪು ಬಿಡಿಸುವ ಶೆಡ್ಡಿನಿಂದ ನೆಟ್ಟಗೆ, ರಬ್ಬರ್ ಏಪ್ರನ್ನಿನಲ್ಲೇ,
ಹೇಗಿದೆ ಹೇಳು ಅಂದೆ. ಸುಮ್ಮನಾದೆ.

ಹೊಟ್ಟೆ ತೊಳಸುತ್ತೆ.
ಬೆಳಗಿನ ಆಲೂ ರೊಟ್ಟಿ ಹಳಸಿತ್ತೇನೋ.
ದವಡೆ ಹಿಡಿದುಕೊಂಡಿದೆ, ಹಲ್ಲಿಲ್ಲದ ಕಡೆಯೂ.
ಮತ್ತೆ, ಇಲ್ಲಿ.
ಇಲ್ಲಿ ಅನ್ನುವಾಗ ಬೆರಳು ತೋರಿಸಲಿಲ್ಲ,
ಎದೆಯ ನಡುವೆ ಮುಷ್ಟಿ ಇಟ್ಟಳು.
ಯಾರೋ ದೋಣಿ ಮಗುಚಿ ಇಟ್ಟು ಹೋಗಿದಾರೆ, ಅಂದಳು.
ಹಣೆ ತುಂಬ ಬೆವರು. ನಾನಿನ್ನೂ ಒಲೆ ಹಚ್ಚಿರಲಿಲ್ಲ.

ಹತ್ತು ತಂತಿ ಅಂಟಿಸಿದೆ. ಒದ್ದೆ ಚರ್ಮಕ್ಕೆ ನಿಲ್ಲದೆ
ಎರಡು ಬಿದ್ದವು, ಅಂಗಿತೋಳಿನಿಂದಲೇ ಒರೆಸಿದೆ.
ಕಾಗದ ಹೊರಬಂತು ಕಿರ್ ಕಿರ್ ಅಂತ.
ಎರಡನೆಯ ಲೀಡು, ಮೂರನೆಯದು, ಏವಿಎಫ್:
ಒಂದೊಂದು ಮಿಡಿತ ಮುಗಿದ ಮೇಲೂ
ನೆಲಕ್ಕೆ ಇಳಿಯಬೇಕಾದ ಗೆರೆ ಇಳಿದಿರಲಿಲ್ಲ.
ಮೇಲೆಯೇ ನಿಂತಿತ್ತು,
ಮನೆಗೆ ಹೋಗುವುದು ಮರೆತ ಉಬ್ಬರ.

ಫೋಟೋ ಕಳಿಸಿದೆ, ಕಾಸ್ತ್ರೋ ಆಸ್ಪತ್ರೆಗೆ.
ನಾಲ್ಕು ನಿಮಿಷಕ್ಕೆ ಫೋನು. ಹೌದು.
ಆಸ್ಪಿರಿನ್ ಜಗಿಸು. ನಾಲಿಗೆಯಡಿಯ ಮಾತ್ರೆ ಬೇಡ,
ಬಲಗಡೆಯೂ ಸಿಕ್ಕಿಕೊಂಡಂತಿದೆ, ಬಿಪಿ ಕುಸಿದೀತು.
ಆಚಾವೊ ತಲುಪಿಸು. ಹೆಪ್ಪು ಕರಗಿಸುವ ಮದ್ದು ಅಲ್ಲಿದೆ.

ನುಂಗಬೇಡ, ಜಗಿ, ಅಂದೆ.
ಥೂ ಹುಳಿ, ಅಂದಳು.
ಆ ದಿನವೆಲ್ಲ ಅವಳು ದೂರಿದ್ದು ಬಹುಶಃ ಅದೊಂದನ್ನೇ.

ಕೊಲ್ಲಿಯಲ್ಲಿ ನೀರಿರಲಿಲ್ಲ.
ನಮ್ಮ ದ್ವೀಪದಲ್ಲಿ ಸಮುದ್ರ ಹೋದರೆ ಪೂರ್ತಿ ಹೋಗುತ್ತದೆ.
ಲಾಂಚು ಕೆಸರಿನಲ್ಲಿ ಪಕ್ಕೆ ಊರಿ ಮಲಗಿತ್ತು,
ಮಾನ್ಸಿಯಾ ಅದರ ಮರೆಯಲ್ಲಿ ಸಿಗರೇಟು ಹಚ್ಚಿ
ಇನ್ನೊಂದೂವರೆ ಗಂಟೆ, ಅಂದ.
ರಕ್ತ ಕಾಣದ ಸ್ನಾಯುವಿಗೆ ಒಂದೂವರೆ ಗಂಟೆ ಅಂದರೇನು,
ಅವನಿಗೆ ಹೇಗೆ ಹೇಳಲಿ?
ನೀರಿಂದ ತೆಗೆದ ಮೀನು ಎಷ್ಟು ಹೊತ್ತು, ಅಂದೆ.
ಸಿಗರೇಟು ಎಸೆದ.

ಶೆಡ್ಡು ಖಾಲಿಯಾಯಿತು. ಹದಿನೇಳು ಜನ, ಎರಡು ಜೊತೆ ಎತ್ತು.
ಮಿಂಗಾ ಕೂಡಿ ಮನೆಗೆ ಮನೆಯನ್ನೇ, ಕಿಟಕಿ ಪರದೆ ಸಮೇತ,
ಗುಡ್ಡ ದಾಟಿಸಿ ಎಳೆದವರು ನಮ್ಮ ಅಜ್ಜಂದಿರು.
ಒಂದು ಸಣ್ಣ ದೋಣಿ ಯಾವ ಲೆಕ್ಕ?
ಅವಳನ್ನು ಒಳಗೆ ಒರಗಿಸಿ
ದಿಮ್ಮಿಗಳ ಮೇಲೆ ಉರುಳಿಸುತ್ತ ಒಯ್ದರು ನೀರಿರುವಲ್ಲಿಗೆ.
ನಾನೇ ನಡೀತೀನಿ, ಎತ್ತಿಗೂ ಪಾಪ, ಅಂತ ಏಳಹೊರಟಳು.
ಗದರಿದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು.

ಆಚಾವೊದಲ್ಲಿ ಡಾಕ್ಟರು ಸರಸರ ಕೇಳಿದರು:
ತಲೆಗೆ ಪೆಟ್ಟು? ಲಕ್ವ? ಮಲದಲ್ಲಿ ರಕ್ತ?
ಇಲ್ಲ, ಇಲ್ಲ, ಇಲ್ಲ. ಮದ್ದು ಹೋಯಿತು.
ನಲವತ್ತನೇ ನಿಮಿಷಕ್ಕೆ ಪರದೆಯ ಮೇಲೆ ಲಯ ತಪ್ಪಿತು,
ಅಗಲಗಲ ಮಿಡಿತ, ಕುಂಟೆತ್ತಿನ ಹೆಜ್ಜೆ.
ನಾನು ಎದ್ದು ನಿಂತೆ. ಅಬೆಲಿನೊ ಕೂಡ ಎದ್ದ, ಎಲ್ಲಿಂದಲೋ.
ಡಾಕ್ಟರು ನನ್ನ ಮಣಿಕಟ್ಟು ಹಿಡಿದರು. ತಡಿ.
ಕೆಲವು ಸಲ ಬಾಗಿಲು ತೆರೆದರೆ ಹೀಗೇ ಸದ್ದಾಗುತ್ತೆ.

ಹೊಸ ಕಾಗದ. ಗೆರೆ ಇಳಿಯುತ್ತಿತ್ತು.
ಕಿಟಕಿಯಾಚೆ ಕಡಲು ಏರುತ್ತಿತ್ತು,
ಈಗ, ಯಾರಿಗೂ ಬೇಡದ ಹೊತ್ತಿಗೆ.

ಪುಯೆರ್ತೊ ಮೊಂಟ್‌ಗೆ ಒಯ್ಯುತ್ತಾರೆ, ಸ್ಟೆಂಟು ಹಾಕಬೇಕು,
ವಿಮಾನದಲ್ಲಿ ಹೋಗ್ತೀಯ, ಅಂದೆ.
ಅವಳು ನನ್ನತ್ತ ನೋಡಿದಳು, ಮೊದಲ ಬಾರಿಗೆ ಕೋಪದಿಂದ.
ನೋವಾಗ್ತಿದೆ ಕಣೋ, ಅಂದಳು,
ಸೂಜಿ ಚುಚ್ಚಿದ್ದ ಮುಂಗೈ ತೋರಿಸುತ್ತ,
ಒಂದೇ ಬೆರಳಿನಿಂದ.